ಗೃಹಜ್ಯೋತಿ ಇದ್ದರೂ ಬಿಲ್ ಯಾಕೆ ಬರ್ತಿದೆ? ಹಳೇ ಫ್ರಿಡ್ಜ್ ಕಡೆ ಒಮ್ಮೆ ನೋಡಿ

ಕರೆಂಟ್ ಫ್ರೀ ಅಂದ್ರಲ್ಲ, ಮತ್ತೆ ಈ ಬಿಲ್ ಯಾಕೆ ಅಂತ ಮೀಟರ್ ರೀಡರ್ ಜೊತೆ ಜಗಳ ಆಡೋರು ಇದ್ದಾರೆ. ಎಷ್ಟೋ ಮನೆಗಳಲ್ಲಿ ತಕರಾರು ಇರೋದು ಮೀಟರ್‌ನಲ್ಲಲ್ಲ, ಅಡುಗೆಮನೆಯ ಹಳೇ ಫ್ರಿಡ್ಜ್‌ನಲ್ಲಿ.

ಗೃಹಜ್ಯೋತಿಗೆ 200 ಯೂನಿಟ್ ಅಂತ ಹೆಸರು. ಸಿಗೋದು ಮಾತ್ರ 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಕೊಡಲು ನಿರ್ಧಾರವಾಯಿತು.) ಆಗ 100 ಬಳಸುತ್ತಿದ್ದ ಮನೆಗೆ 110 ಉಚಿತ. ಈಗ 130 ಆದರೆ 20 ಯೂನಿಟ್‌ಗೆ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್.

ಲೆಕ್ಕ ಆ ವರ್ಷಕ್ಕೇ ನಿಂತಿದೆ, ಸಾಮಾನಿಗೆ ವಯಸ್ಸಾಗ್ತಿದೆ. ಸರಾಸರಿಯನ್ನು ಮತ್ತೆ ನೋಡಿ ಅಂತ ಜನ ಕೇಳಿದರೆ ತಪ್ಪೇನಿಲ್ಲ. ಅಲ್ಲಿವರೆಗೆ ಮನೆಯೊಳಗೇ ನೋಡಬೇಕು. ಫ್ರಿಡ್ಜ್ ಬಾಗಿಲಿನ ರಬ್ಬರ್ ಸಡಿಲವಾದರೆ ತಂಪು ಸೋರಿ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತೆ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೀರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ ಅಂತಲೇ ಅರ್ಥ. ಅದಕ್ಕೆ ಹೊಸ ಫ್ರಿಡ್ಜ್ ತರಬೇಕಿಲ್ಲ, ರಬ್ಬರ್ ಬದಲಾಯಿಸಿದರೆ ಆಯ್ತು.

ಫ್ಯಾನೂ ಕಡಿಮೆಯೇನಲ್ಲ. ಹಳೇ 75 ವ್ಯಾಟ್ ಫ್ಯಾನ್ ದಿನಕ್ಕೆ 10 ಗಂಟೆ ಜೋರಾಗಿ ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 9 ಸಾಕು. ಎರಡು ಫ್ಯಾನ್ ಬದಲಾಯಿಸಿದರೆ ಮೇಲೆ ಹೇಳಿದ ಮನೆಯ ಆ 20 ಯೂನಿಟ್ ತೀರಿತು. ಫ್ಯಾನ್ ರೇಟು ಜಾಸ್ತಿ, ನಿಜ.

ಅಂಗಡಿಯವರ ಕಮರ್ಷಿಯಲ್ ಮೀಟರ್‌ಗೆ ಗೃಹಜ್ಯೋತಿನೇ ಇಲ್ಲ. ಹಾಲು, ಕೂಲ್‌ಡ್ರಿಂಕ್ಸ್ ಇಡೋ ಹಳೇ ಫ್ರಿಡ್ಜ್ ಅಲ್ಲಿ ಮೊದಲ ಯೂನಿಟ್‌ನಿಂದಲೇ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತೆ.