ಟ್ರೆಕ್ ಪ್ಲಾನ್ ಶುರುವಾಗಬೇಕಾದ್ದು ಹಾಸ್ಟೆಲ್ ಗೇಟಿನಿಂದ

ಇಂಟರ್ನಲ್ಸ್ ಮುಗಿದ ಸಂಜೆ ಎಲ್ಲಾ ಕ್ಲಾಸ್ ಗ್ರೂಪುಗಳಲ್ಲೂ ಒಂದೇ ಮೆಸೇಜು: ಭಾನುವಾರ ಚಾಮುಂಡಿ ಬೆಟ್ಟ, ಬೆಳಿಗ್ಗೆ ಐದಕ್ಕೆ ಮೆಟ್ಟಿಲ ಹತ್ರ ಸೇರೋಣ, ಸನ್‌ರೈಸ್ ನೋಡೋಣ. ಥಂಬ್ಸ್ ಅಪ್ ನಲವತ್ತು ಬೀಳುತ್ತೆ, ಬರೋರು ಹತ್ತು ಜನ. ಅದರಲ್ಲಿ ಹುಡುಗಿಯರು ಒಬ್ಬರೋ ಇಬ್ಬರೋ. ಆಮೇಲೆ 'ಇವರಿಗೆಲ್ಲ ಇಂಟರೆಸ್ಟೇ ಇಲ್ಲ ಕಣೋ' ಅನ್ನೋ ಮಾತು.

ಇಂಟರೆಸ್ಟ್ ಇದೆ. ಹೆಣ್ಣುಮಕ್ಕಳ ಹಾಸ್ಟೆಲ್ ಗೇಟು ತೆರೆಯೋದೇ ಆರಕ್ಕೆ. ನಂಜನಗೂಡು, ಮಂಡ್ಯ ಕಡೆಯಿಂದ ಬರೋ ಡೇ ಸ್ಕಾಲರ್‌ಗಳಿಗೆ ಆ ಹೊತ್ತಿಗೆ ಬಸ್ ಹಿಡಿದು ಬರೋಕಾಗಲ್ಲ. ಐದು ಗಂಟೆ ಅಂತ ಬರೆದ ಕ್ಷಣವೇ ಅರ್ಧ ಕ್ಲಾಸು ಲಿಸ್ಟಿನಿಂದ ಹೊರಗೆ ಹೋಯ್ತು. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ಪ್ಲಾನ್ ಮಾಡಿದ್ದು ಅದನ್ನೇ.

ನಮ್ಮ ಅಭಿಪ್ರಾಯ ಇಷ್ಟೇ: ಟ್ರೆಕ್ಕಿನ ಟೈಮನ್ನ ಎಲ್ಲರಿಗಿಂತ ಕಡಿಮೆ ಅನುಕೂಲ ಇರೋರಿಂದ ಲೆಕ್ಕ ಹಾಕಬೇಕು. ಕ್ರಿಟಿಕಲ್ ಪಾತ್ ಓದಿದ ನಮಗೆ ಇದು ಹೊಸದೇನಲ್ಲ. ಗೇಟು ಆರಕ್ಕೆ ತೆರೆಯುತ್ತೆ ಅಂದ್ರೆ ಉಳಿದ ಎಲ್ಲಾ ಕೆಲಸ ಅದರ ನಂತರ.

ಲೆಕ್ಕ ಹಾಕಿ ನೋಡೋಣ. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ, ಮೆಟ್ಟಿಲು ಸುಮಾರು 1000. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ನಿಯಮ ಇವತ್ತಿಗೂ ಬೆಟ್ಟ ಹತ್ತೋರು ಬಳಸ್ತಾರೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದ್ರೆ ಏರಿಗೇ ಅರ್ಧ ಗಂಟೆ, ದೂರದ್ದು ಬೇರೆ. ಇದು ಗಟ್ಟಿ ಕಾಲಿನ, ನಿಲ್ಲದೆ ನಡೆಯೋ ಮನುಷ್ಯನ ಲೆಕ್ಕ. ಇಪ್ಪತ್ತೈದು ಜನರ ಗುಂಪಿಗೆ ಎರಡರಷ್ಟು ಇಟ್ಟುಕೊಳ್ಳಿ. ಏಳಕ್ಕೆ ಹೊರಟರೂ ನಂದಿ ಹತ್ರ ಕೂತು, ನೀರು ಕುಡಿದು, ಎಂಟೂವರೆಗೆ ಮೇಲೆ. ಬಿಸಿಲು ಏರೋ ಮುಂಚೆ, ಹತ್ತರ ಹೊತ್ತಿಗೆ ಕೆಳಗೆ.

ಸನ್‌ರೈಸ್ ತಪ್ಪುತ್ತಲ್ಲ ಅಂತೀರಾ? ತಪ್ಪುತ್ತೆ, ಒಪ್ಪಿದ್ವಿ. ಆದರೆ ಡಿಸೆಂಬರಲ್ಲಿ ಸೂರ್ಯ ಹುಟ್ಟೋದು ಸುಮಾರು ಆರೂವರೆಗೆ. ಅದನ್ನ ಮೇಲಿಂದ ನೋಡಬೇಕಂದ್ರೆ ಕತ್ತಲಲ್ಲೇ ಹತ್ತಬೇಕು. ಇದು ಕಾಯ್ದಿಟ್ಟ ಅರಣ್ಯ, ಇಲ್ಲಿ ಚಿರತೆಗಳಿವೆ, ಅವು ಹೆಚ್ಚಾಗಿ ಓಡಾಡೋದು ಆ ಹೊತ್ತಲ್ಲೇ. ಗೇಟಿನ ಸಮಸ್ಯೆಗೂ ಚಿರತೆ ಸಮಸ್ಯೆಗೂ ಉತ್ತರ ಒಂದೇ: ಬೆಳಕು ಹರಿದ ಮೇಲೆ ಹೊರಡಿ. ಬೆಳಕಲ್ಲಿ ಅರಮನೆ, ಕಾರಂಜಿ ಕೆರೆ, ಲಲಿತ ಮಹಲ್ ಎಲ್ಲಾ ಚೆನ್ನಾಗಿಯೇ ಕಾಣುತ್ತೆ.

ಇನ್ನು ನಡಿಗೆ. ಮುಂದೆ ಓಡೋ ನಾಲ್ಕು ಜನ ನಂದಿ ಹತ್ರ ಕೂತು ಕಾಯ್ತಾರೆ. ಹಿಂದಿನವರು ಏದುಸಿರು ಬಿಡ್ತಾ ಬಂದು ಸೇರಿದ ತಕ್ಷಣ 'ಸರಿ, ಹೊರಡೋಣ' ಅಂತಾರೆ. ರೆಸ್ಟ್ ಸಿಕ್ಕಿದ್ದು ಯಾರಿಗೆ? ಸುಸ್ತಾಗದೇ ಇರೋರಿಗೆ. ಹಾಗಾಗಿ ನಿಧಾನ ನಡೆಯೋರು ಮುಂದಿರಲಿ, ದಾರಿ ಗೊತ್ತಿರೋ ಇಬ್ಬರು ಕೊನೇಲಿ ಬರಲಿ. ಕೊನೆಯವರು ಕೂತು ಹತ್ತು ನಿಮಿಷ ಆದ ಮೇಲೆ ಹೊರಡೋದು ಅನ್ನೋ ಒಂದು ರೂಲ್ ಸಾಕು. ಇನ್‌ಹೇಲರ್ ಬಳಸೋರು ಇದ್ರೆ ಒಬ್ಬರಿಗಾದ್ರೂ ಮೊದಲೇ ಹೇಳಿರಲಿ, ಅದು ಜೇಬಲ್ಲೇ ಇರಲಿ.

ರೀಲ್ಸ್‌ಗೋಸ್ಕರ ಮೆಟ್ಟಿಲು ಬಿಟ್ಟು ಪೊದೆ ಒಳಗೆ ನುಗ್ಗೋದು ಬೇಡ. ಫೆಬ್ರವರಿ, ಮಾರ್ಚಲ್ಲಿ ಇಲ್ಲಿನ ಒಣಹುಲ್ಲಿಗೆ ಒಂದು ಸಿಗರೇಟು ತುಂಡು ಸಾಕು. ತಂದ ಪ್ಲಾಸ್ಟಿಕ್ಕು ತಂದವರ ಬ್ಯಾಗಲ್ಲೇ ವಾಪಸ್.

ವಾರ್ಡನ್‌ಗಳಲ್ಲೂ ಒಂದು ಮಾತು. ಬುಧವಾರದೊಳಗೆ ಹೆಸರು, ದಾರಿ, ವಾಪಸ್ ಬರೋ ಸಮಯ, ಇಬ್ಬರ ಫೋನ್ ನಂಬರ್ ಬರೆದ ಹಾಳೆ ನಾವು ಕೊಡ್ತೀವಿ. ಅದೇ ಹಾಳೆ ಎರಡೂ ಹಾಸ್ಟೆಲಿಗೆ ಅನ್ವಯವಾಗಲಿ. ಹುಡುಗರು ಹೇಳದೇ ಹೋಗಬಹುದು, ಹುಡುಗಿಯರು ಮೂರು ಸಹಿ ತರಬೇಕು ಅನ್ನೋದು ಸುರಕ್ಷತೆ ಅಲ್ಲ. ಚಿರತೆ ಯಾರ ಐಡಿ ಕಾರ್ಡನ್ನೂ ನೋಡಲ್ಲ.

ಟ್ರೆಕ್ ಚೆನ್ನಾಗಿತ್ತಾ ಅಂತ ಅಳೆಯೋಕೆ ಎಷ್ಟು ನಿಮಿಷದಲ್ಲಿ ಹತ್ತಿದ್ವಿ ಅನ್ನೋದು ಬೇಡ. ಮೊದಲ ಸಲ ಬಂದವರಲ್ಲಿ ಎಷ್ಟು ಜನ ಎರಡನೇ ಸಲ ಬಂದ್ರು, ಅದನ್ನ ಎಣಿಸೋಣ.