ಸಹಿಗೆ ಏಳು ದಿನ ಮುಂಚೆ

ಫ್ರಾನ್ಸಿನ ಉತ್ತರದಲ್ಲಿ ಸಾಂಬ್ರ ಮತ್ತು ವಾಜ್ ಎಂಬ ಎರಡು ನದಿಗಳನ್ನು ಕೂಡಿಸುವ ಕಾಲುವೆಯೊಂದಿದೆ. 19ನೆಯ ಶತಮಾನದ ಮೊದಲರ್ಧದಲ್ಲಿ ತೋಡಿದ್ದು. ಬೆಲ್ಜಿಯಂ ದೇಶದ ಶಾರ್ಲ್‌ರುವಾ ಗಣಿಗಳ ಕಲ್ಲಿದ್ದಲು ಪ್ಯಾರಿಸ್ ಕಡೆಗೆ ದೋಣಿಗಳಲ್ಲಿ ಸಾಗುತ್ತಿದ್ದ ಹಾದಿ ಅದು. ಗಣಿಯವನು ಅಗೆದದ್ದನ್ನು ದೋಣಿಯವನು ಒಯ್ದ. ಪಟ್ಟಣದ ಒಲೆಯೂ ಯಂತ್ರವೂ ಉರಿದವು.

1918ರ ನವೆಂಬರ್ 4ರಂದು ಇದೇ ಕಾಲುವೆ ಯುದ್ಧದ ಕಂದಕವಾಯಿತು. ಆಚೆ ದಡದಲ್ಲಿ ಜರ್ಮನರ ಮಷಿನ್‌ಗನ್ನುಗಳು. ಈಚೆ ದಡದ ಓರ್ಸ್ ಹಳ್ಳಿಯ ಬಳಿ, ಬೆಂಡಿನ ತೇಲುಗಳ ಸೇತುವೆ ಹಾಸಿ ದಾಟಲು ಹೊರಟವರು ಮ್ಯಾಂಚೆಸ್ಟರ್, ಲ್ಯಾಂಕಶೈರ್ ಹೆಸರಿನ ಬ್ರಿಟಿಷ್ ದಳಗಳವರು. ಹತ್ತಿ ಗಿರಣಿಗಳ ಆ ಸೀಮೆಯ ಹೆಸರು ನಮ್ಮ ಗಿರಣಿ ಬಂಧುಗಳಿಗೆ ಹೊಸದಲ್ಲ. ಅಲ್ಲಿ ಸತ್ತವರಲ್ಲಿ ಕವಿ ವಿಲ್ಫ್ರೆಡ್ ಓವೆನ್ ಒಬ್ಬ. ರೈಲ್ವೆ ನೌಕರನ ಮಗ, 25ರ ಪ್ರಾಯ. ನವೆಂಬರ್ 11ರಂದು ಯುದ್ಧ ನಿಂತಿತೆಂದು ಊರಲ್ಲಿ ಗಂಟೆ ಮೊಳಗುತ್ತಿದ್ದಾಗಲೇ ಅವನ ಸಾವಿನ ತಂತಿ ಮನೆ ಮುಟ್ಟಿತು.

ಜರ್ಮನಿ ಕದನವಿರಾಮ ಬೇಡಿದ್ದು ಅಕ್ಟೋಬರ್ ಮೊದಲ ವಾರದಲ್ಲೇ. ಷರತ್ತುಗಳ ಮಾತು ಮೇಜಿನ ಸುತ್ತ ನಡೆದಿತ್ತು. ಕಾಲುವೆಯಲ್ಲಿ ಹೆಣ ತೇಲುತ್ತಿತ್ತು. ಒತ್ತಡ ಹಾಕದಿದ್ದರೆ ಶತ್ರು ಸಹಿ ಹಾಕುತ್ತಿರಲಿಲ್ಲ ಎಂದು ಸೇನಾಪತಿಗಳ ಪರ ವಾದಿಸುವವರಿದ್ದಾರೆ. ಆ ವಾದವನ್ನು ಒಪ್ಪಿಕೊಂಡೇ ಕೇಳುತ್ತೇವೆ: ನವೆಂಬರ್ 11ರ ಬೆಳಗಿನ ಜಾವ 5 ಗಂಟೆಯ ಹೊತ್ತಿಗೆ ಸಹಿ ಬಿದ್ದ ಮೇಲೂ 11 ಗಂಟೆಯವರೆಗೆ ಗುಂಡು ಹಾರಿತಲ್ಲ, ಆ ಆರು ತಾಸಿನಲ್ಲಿ ಸತ್ತವರು ಯಾವ ಒತ್ತಡಕ್ಕಾಗಿ ಸತ್ತರು?

ತೀರ್ಮಾನಿಸುವವನು ಒಂದು ಕಡೆ, ಸಾಯುವವನು ಇನ್ನೊಂದು ಕಡೆ ಇರುವತನಕ ಹೀಗೆಯೇ. ಮೇಜಿನ ಮುಂದೆ ಕುಳಿತವನಿಗೆ ಒಂದು ದಿನ ತಡವಾದರೆ ನಷ್ಟವಿಲ್ಲ. ದಡದಲ್ಲಿ ನಿಂತವನಿಗೆ ಅದೇ ಕಡೆಯ ದಿನ.

ಇನ್ನೊಂದು ಸಂಗತಿ. ಆ ಕಾಲುವೆಯನ್ನು ನದಿಯ ಮೇಲೆ ದಾಟಿಸುವ ಕಟ್ಟಡ ಶಿಥಿಲವಾಯಿತೆಂದು 2006ರಲ್ಲಿ ಆ ಹಾದಿಯ ದೋಣಿ ಸಂಚಾರ ನಿಂತಿತು. ಮತ್ತೆ ತೆರೆದದ್ದು 2021ರಲ್ಲಿ. ದಾಟುವುದಕ್ಕೆ ಪ್ರಾಣ ಒಪ್ಪಿಸಲು ಒಂದು ಬೆಳಗು ಸಾಕಾಗಿತ್ತು. ದುರಸ್ತಿಗೆ 15 ವರ್ಷ ಬೇಕಾಯಿತು. ಸರಕಾರಗಳ ಅವಸರ ಯಾವುದಕ್ಕೆಂದು ಇದರಿಂದಲೇ ತಿಳಿಯಬಹುದು.

ಯುದ್ಧ ಬೇಕೆಂದು ಯಾವ ದೇಶದ ನಾಯಕರು ಕೂಗಿದರೂ ದುಡಿಯುವ ಜನ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಿಲ್ಲಿಸುವ ದಿನವನ್ನು ಗೊತ್ತುಮಾಡುವವರು ಯಾರು? ಆ ಮೇಜಿನಲ್ಲಿ ನಮಗೊಂದು ಜಾಗ ಸಿಗದೆ ನಮ್ಮ ಮಕ್ಕಳನ್ನು ದಡಕ್ಕೆ ಕಳಿಸಲಾರೆವು.