ಹಡಗಿನ ಏಣಿ ಇಳಿಯೋಕೂ ಪಾಸ್ ಬೇಕು

ಕೆರೆಬಿಳಚಿ ಕಡೆಯವರಿಗೆ ದೊಡ್ಡ ನೀರು ಅಂದ್ರೆ ಸೂಳೆಕೆರೆ. ಅಲ್ಲಿಂದ ಯಾರಾದ್ರೂ ಮರ್ಚೆಂಟ್ ನೇವಿ ಸೇರಿದರೆ, ಐಎಸ್‌ಪಿಎಸ್ ಅನ್ನೋ ಹೆಸರು ದಿನಾ ಕಿವಿಗೆ ಬೀಳುತ್ತೆ. ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ ಅದು. ಅಮೆರಿಕದ ಮೇಲೆ 2001ರಲ್ಲಿ ನಡೆದ ದಾಳಿಯ ನಂತರ ಹುಟ್ಟಿ, 2004ರ ಜುಲೈ 1ರಿಂದ ಜಾರಿಯಲ್ಲಿದೆ.

ಹಡಗಿಗೊಬ್ಬ ಭದ್ರತಾ ಅಧಿಕಾರಿ, ಬಂದರಿಗೊಬ್ಬ. ಅಪಾಯಕ್ಕೆ ತಕ್ಕಂತೆ ಮೂರು ಹಂತದ ಎಚ್ಚರಿಕೆ. ಪಣಂಬೂರಿನ ನವಮಂಗಳೂರು ಬಂದರಿನ ಗೇಟಲ್ಲಿ ಪಾಸ್ ಇಲ್ಲದೆ ಬಿಡಲ್ಲ ಅನ್ನೋದರ ಹಿಂದೆ ಇರೋದೂ ಇದೇ.

ಆದ್ರೆ ಇದು ವಿದೇಶಕ್ಕೆ ಓಡಾಡೋ ಪ್ರಯಾಣಿಕರ ಹಡಗು, 500 ಗ್ರಾಸ್ ಟನ್ನಿನಿಂದ ಮೇಲಿನ ಸರಕು ಹಡಗುಗಳಿಗೆ. ಮೀನುಗಾರಿಕೆ ದೋಣಿಗಳಿಗಲ್ಲ. 2008ರಲ್ಲಿ ಮುಂಬೈಗೆ ಬಂದ ಉಗ್ರರು ಅಪಹರಿಸಿದ್ದು ‘ಕುಬೇರ್’ ಅನ್ನೋ ಮೀನುಗಾರಿಕೆ ದೋಣಿಯನ್ನೇ!

ನನಗೆ ಹೆಚ್ಚು ಕಾಡೋದು ಇನ್ನೊಂದು. ತಿಂಗಳುಗಟ್ಟಲೆ ಕಬ್ಬಿಣದ ಗೋಡೆ ನೋಡಿದ ಹುಡುಗ ದಡಕ್ಕಿಳಿದು ಮನೆಗೊಂದು ಫೋನ್ ಮಾಡಿ, ಬಿಸಿ ಊಟ ಮಾಡೋಣ ಅಂದ್ರೆ, ಎಷ್ಟೋ ಕಡೆ ‘ಸೆಕ್ಯುರಿಟಿ’ ಅಂತ ಬಿಡೋದೇ ಇಲ್ಲ. ಇದು ನಿಯಮದ ತಪ್ಪಲ್ಲ. ನಾವಿಕರು ಹಡಗಲ್ಲೇ ಬದುಕೋರು, ಅವರಿಗೆ ದಡದ ರಜೆ, ವೈದ್ಯರ ಸೌಲಭ್ಯ ಬೇಕು ಅಂತ ಸಂಹಿತೆಯ ಮುನ್ನುಡಿಯೇ ಹೇಳುತ್ತೆ. 2006ರ ಕಡಲ ಕಾರ್ಮಿಕ ಒಪ್ಪಂದವೂ ಅದನ್ನೇ ಹೇಳುತ್ತೆ. ಭಾರತ ಅದನ್ನು 2015ರಲ್ಲಿ ಒಪ್ಪಿದೆ. ನಿಮ್ಮ ಮನೆಯ ಹುಡುಗ ಹಡಗಲ್ಲಿದ್ದರೆ ಈ ಎರಡು ಹೆಸರನ್ನ ಇವತ್ತೇ ವಾಟ್ಸಾಪ್ ಮಾಡಿ. ಬಂದರು ಮುಟ್ಟೋ ಮೊದಲೇ ಕ್ಯಾಪ್ಟನ್ ಹತ್ತಿರ ಕೇಳಿಡಲಿ.